ಐದು ನಲವತ್ತರ ಬಕೆಟ್ ನೀರು

ನಮ್ಮ ಊರಿನ ನಾಲ್ಕು ಲಕ್ಷ ಮನೆಗಳಲ್ಲಿ ಯಾರು ಯಾವಾಗ ನಲ್ಲಿ ತಿರುಗಿಸಿದರು ಎಂಬುದು ನಮ್ಮ ಕಚೇರಿಗೆ ಗೊತ್ತಿರುತ್ತದೆ. ಪ್ರತಿ ಮನೆಯ ನೀರಿನ ಮೀಟರು ಐದು ನಿಮಿಷಕ್ಕೊಮ್ಮೆ ಒಂದು ಅಂಕಿ ಕಳಿಸುತ್ತದೆ, ಈ ಐದು ನಿಮಿಷದಲ್ಲಿ ಇಷ್ಟು ಲೀಟರು ಹರಿಯಿತು ಎಂದು. ದಿನಕ್ಕೆ ಹನ್ನೊಂದು ಕೋಟಿಗೂ ಮೀರಿದ ಅಂಕಿಗಳು. ಅವನ್ನೆಲ್ಲ ನುಂಗಿ, ಅರಗಿಸಿಕೊಂಡು, ಕೇಳಿದವರಿಗೆ ಕೇಳಿದ್ದನ್ನು ತೋರಿಸುವ ದೊಡ್ಡ ಡೇಟಾ ವ್ಯವಸ್ಥೆಯೊಂದಿದೆ. ಹದಿನಾಲ್ಕು ವರ್ಷಗಳಿಂದ ಅದನ್ನು ನಾನು ಸಾಕುತ್ತಿದ್ದೇನೆ. ನೋಡಿಕೊಳ್ಳುತ್ತಿದ್ದೇನೆ ಎನ್ನುವುದಿಲ್ಲ. ಮುನಿಸಿಕೊಂಡಾಗ ರಮಿಸಿ, ಹಟ ಹಿಡಿದಾಗ ಗದರಿಸಿ ಬೆಳೆಸಿದ್ದೇನೆ, ಅದಕ್ಕೆ ಸಾಕುವುದು ಎಂದೇ ಹೇಳಬೇಕು.

ಆ ನಾಲ್ಕು ಲಕ್ಷದಲ್ಲಿ ಒಂದು ಮನೆಯನ್ನು ಮಾತ್ರ ನಾನು ಕದ್ದು ನೋಡುತ್ತಿದ್ದೆ. ದೂರು ಬರದೆ ಯಾರ ಮನೆಯ ಅಂಕಿಯನ್ನೂ ಬಿಡಿಸಿ ನೋಡಬಾರದು ಎಂಬುದು ನಮ್ಮಲ್ಲಿ ಮೊದಲ ನಿಯಮ. ಅದನ್ನು ಹೊಸಬರಿಗೆ ಹೇಳಿಕೊಡುವವಳೂ ನಾನೇ. ಆದರೂ ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಕುರ್ಚಿಯಲ್ಲಿ ಕೂತ ತಕ್ಷಣ, ಫ್ಲಾಸ್ಕಿನ ಮುಚ್ಚಳ ತೆಗೆಯುವ ಮೊದಲು, ಆ ಒಂದು ಸಂಪರ್ಕ ಸಂಖ್ಯೆಯನ್ನು ಒತ್ತುತ್ತಿದ್ದೆ. ಐದು ನಲವತ್ತಕ್ಕೆ ಹದಿನೆಂಟು ಲೀಟರು ಎಂದು ಕಂಡರೆ ಚಹಾ ಬಗ್ಗಿಸಿಕೊಳ್ಳುತ್ತಿದ್ದೆ.

ಅದು ನಮ್ಮಣ್ಣನ ಮನೆ.

ಅಣ್ಣ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಮದುವೆಯಾಗಲಿಲ್ಲ. ಮುಂದಿನ ಕೋಣೆಯಲ್ಲಿ ಕೆಲಸ, ಹಿಂದಿನ ಕೋಣೆಯಲ್ಲಿ ವಾಸ. ಒಂದು ಪಕ್ಕ ಮುಚ್ಚಿಹೋದ ಅಂಗಡಿ, ಇನ್ನೊಂದು ಪಕ್ಕ ಗೋದಾಮು. ಬೆಳಗಾಗುವ ಮೊದಲೇ ಎದ್ದು ಒಂದು ಬಕೆಟ್ ನೀರು ಹಿಡಿದು, ಅದರಲ್ಲಿ ಸ್ವಲ್ಪ ತೆಗೆದು ಅಂಟು ಕಾಯಿಸಲು ಇಟ್ಟು, ಉಳಿದದ್ದರಲ್ಲಿ ಸ್ನಾನ ಮುಗಿಸುವುದು ಅವನ ಪದ್ಧತಿ. ಅಮ್ಮ ಇದ್ದಾಗಿನಿಂದಲೂ ಹಾಗೆಯೇ.

ಅವನಿಗೂ ನನಗೂ ಮಾತು ನಿಂತು ನಾಲ್ಕು ವರ್ಷವಾಗಿತ್ತು. ಕಾರಣವೂ ಇದೇ ವ್ಯವಸ್ಥೆ. ಹಿಂದಿನ ಸಲ ಇದನ್ನು ಮೇಲ್ದರ್ಜೆಗೇರಿಸುವಾಗ ಹದಿನಾರು ಗಂಟೆ ಸರ್ವರ್ ಕೋಣೆಯೊಳಗೇ ಇದ್ದೆ. ಫೋನು ಹೊರಗೆ ಬೀರುವಿನಲ್ಲಿಟ್ಟು ಹೋಗಬೇಕು. ಕೆಲಸ ಮುಗಿಸಿ ಗೆದ್ದವಳ ಹಾಗೆ ಹೊರಗೆ ಬಂದು ನೋಡಿದರೆ ಅಣ್ಣನ ಇಪ್ಪತ್ತಮೂರು ಕರೆಗಳು. ಅಮ್ಮನಿಗೆ ಉಸಿರಾಟದ ತೊಂದರೆಯಾಗಿತ್ತು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಣ್ಣ ಬೈದಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ಬೈದು ಅತ್ತುಬಿಡುತ್ತಿದ್ದೆ. ಅವನು ಒಂದೇ ಮಾತು ಹೇಳಿದ.

"ಗುಬ್ಬಿ ಎಲ್ಲಿ ಅಂತ ಕೇಳಿದ್ಲು ಅಮ್ಮ. ಮೆಷಿನ್ ಹತ್ರ ಇದ್ದಾಳೆ ಅಂದೆ."

ಅಲ್ಲಿಗೆ ಮುಗಿಯಿತು. ಅವನ ಮನೆಗೆ ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷ. ನಾನು ಹೋಗಲಿಲ್ಲ, ಅವನು ಕರೆಯಲಿಲ್ಲ. ಮೊಂಡುತನದಲ್ಲಿ ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂದು ಯಾರಾದರೂ ಹೇಳಬಹುದಿತ್ತು. ಆದರೆ ಸತ್ತೆಯಾ ಬದುಕಿದೆಯಾ ಎಂದು ಕೇಳುವವರಿಲ್ಲದ ಮನುಷ್ಯ ಅವನು. ಅದು ನನ್ನ ನಿದ್ದೆ ಕೆಡಿಸುತ್ತಿತ್ತು. ಹಾಗೆ ಶುರುವಾಯಿತು ನೀರು ನೋಡುವ ಕಳ್ಳತನ.

ಮೊದಲ ವರ್ಷದಲ್ಲೇ ಒಂದು ದಿನ ಎಂಟಕ್ಕೆ ನೋಡಿದರೆ ಐದು ನಲವತ್ತಕ್ಕೆ ಸೊನ್ನೆ. ಆರಕ್ಕೆ ಸೊನ್ನೆ. ಏಳಕ್ಕೂ ಸೊನ್ನೆ. ಮೊಂಡುತನವೆಲ್ಲ ಎಲ್ಲಿ ಹೋಯಿತೋ, ಕೈ ತಾನಾಗಿಯೇ ಫೋನು ಮಾಡಿತ್ತು.

"ಏನು?" ಎಂದ ಅಣ್ಣ.

ನನ್ನ ಕಣ್ಣು ಇನ್ನೂ ಪರದೆಯ ಸೊನ್ನೆಗಳ ಮೇಲೇ ಇತ್ತು.

"ಬೆಳಿಗ್ಗೆ ನೀರು ಹಿಡೀಲಿಲ್ಲ ಅಂತ ಫೋನಾ?" ಎಂದ. ಅವನು ದಡ್ಡನಾಗಿರಲಿಲ್ಲ. "ವಾಲ್ವ್ ಕೆಟ್ಟಿತ್ತು, ರಿಪೇರಿಯವನು ಈಗ ಬಂದ. ಬದುಕಿದ್ದೀನಿ."

"ಸರಿ," ಎಂದೆ.

"ಎಷ್ಟು ಹೊತ್ತಿಗೊಂದು ಸಲ ತೋರಿಸುತ್ತೆ ನಿನ್ನ ಮೆಷಿನ್ನು?"

"ಐದು ನಿಮಿಷಕ್ಕೊಂದು ಸಲ."

"ಹೂಂ," ಎಂದು ಇಟ್ಟುಬಿಟ್ಟ.

ನಾಲ್ಕು ವರ್ಷಗಳಲ್ಲಿ ನಾವು ಆಡಿದ ಮಾತು ಇಷ್ಟೇ. ಆದರೆ ಅಂದಿನಿಂದ ಒಂದು ದಿನವೂ ಐದು ನಲವತ್ತು ತಪ್ಪಲಿಲ್ಲ. ಐದು ಮೂವತ್ತೈದಲ್ಲ, ನಲವತ್ತೈದಲ್ಲ. ನನ್ನ ಹುಟ್ಟಿದ ದಿನ ಮೂವತ್ತಾರು ಲೀಟರು ಕಂಡಿತು, ಎರಡು ಬಕೆಟ್. ಬಟ್ಟೆ ನೆನೆಹಾಕಿದ್ದನೋ ಏನೋ ಎಂದು ನನಗೆ ನಾನೇ ಹೇಳಿಕೊಂಡೆ. ಮರುವರ್ಷ ಅದೇ ದಿನ ಮತ್ತೆ ಎರಡು ಬಕೆಟ್. ಆ ದಿನ ಕಚೇರಿಯ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ, ಮುಖ ತೊಳೆದುಕೊಂಡು ಬಂದು ಇಬ್ಬರು ಹೊಸಬರನ್ನು ಸುಮ್ಮಸುಮ್ಮನೆ ಗದರಿಸಿದೆ.

ಈಗ ಹೊಸ ಆವೃತ್ತಿಯ ವಿಷಯ. ಒಂಬತ್ತು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಕೆಲಸ. ಮೊದಲು ನಲವತ್ತು ನಿಮಿಷ ಹಿಡಿಯುತ್ತಿದ್ದ ಹುಡುಕಾಟ ಈಗ ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಯಾರು ಯಾವ ಅಂಕಿ ನೋಡಿದರು ಎಂಬುದೂ ದಾಖಲಾಗುತ್ತದೆ. ಮೀಟರು ಕಳಿಸಿದ ಮೂಲ ಅಂಕಿಗಳು ಕೆಳಗಿನ ಪದರದಲ್ಲಿ ಬೀಗ ಹಾಕಿದಂತೆ ಇರುತ್ತವೆ, ಪರದೆಯ ಮೇಲೆ ಶುದ್ಧಮಾಡಿದ ಅಂಕಿಗಳು ಮಾತ್ರ. ಮೂಲ ಬೇಕೆಂದರೆ ಕಾರಣ ಬರೆದು ಕೊಡಬೇಕು.

ಆ ಶುದ್ಧಮಾಡುವ ಸೌಲಭ್ಯವೇ ನನ್ನ ಕೂಸು. ಮೀಟರುಗಳು ಹಳತಾದಾಗ ಒಳಗಿನ ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ. ಒಮ್ಮೆ ಅರ್ಧ ಲೀಟರು, ಒಮ್ಮೆ ಸೊನ್ನೆ, ಮತ್ತೆ ಅರ್ಧ ಎಂದು ತಡವರಿಸಿ, ಕೊನೆಗೆ ಪೂರ್ತಿ ಸೊನ್ನೆಯಾಗಿ ನಿಲ್ಲುತ್ತದೆ. ಮನೆಯವರು ಎಂದಿನಂತೆ ನೀರು ಬಳಸುತ್ತಲೇ ಇರುತ್ತಾರೆ, ನಮಗೆ ಮಾತ್ರ ಸೊನ್ನೆ. ಇದರಿಂದ ತಲೆಕೆಟ್ಟು ಹೋಗಿತ್ತು. ಹಾಗಾಗಿ ನಾನೊಂದು ನಿಯಮ ಬರೆದೆ. ಕ್ರಮ ತಪ್ಪದೆ ನೀರು ಬಳಸುವ ಮನೆಯೊಂದು ಇದ್ದಕ್ಕಿದ್ದಂತೆ ಹೀಗೆ ತಡವರಿಸಿದರೆ, ಆ ಅಂಕಿಗಳನ್ನು ಮೀಟರಿನ ದೋಷವೆಂದು ಬದಿಗಿಟ್ಟು, ಅವರ ಎಂದಿನ ಬಳಕೆಯನ್ನೇ ಆ ಜಾಗದಲ್ಲಿ ತುಂಬಬೇಕು. ಒಂದು ವಾರ ಹಾಗೆಯೇ ಇದ್ದರೆ ಮೀಟರು ಬದಲಿಸುವವರ ಪಟ್ಟಿಗೆ ಸೇರಿಸಬೇಕು. ಮನೆಯವರು ಎಷ್ಟು ಕ್ರಮದವರೋ ಅಷ್ಟು ನಂಬಿಕೆಯಿಂದ ತುಂಬಬಹುದು. ಈ ಸಾಲು ಬರೆದಾಗ ನನಗೆ ಹೆಮ್ಮೆಯಾಗಿತ್ತು.

ಪರೀಕ್ಷೆ ಮಾಡುವ ವಿಭಾಗದಲ್ಲಿ ಒಬ್ಬಳಿದ್ದಾಳೆ. ಎಲ್ಲದಕ್ಕೂ ಅನುಮಾನ, ಹಾಗಾಗಿ ಅವಳಿಗೆ ಅನುಮಾನ ಎಂದೇ ಹೆಸರು ಬಿದ್ದಿದೆ. ಕೊನೆಯ ಸಭೆಯಲ್ಲಿ ಅವಳು ಕೈ ಎತ್ತಿದಳು.

"ಮೇಡಂ, ಇದು ಮೀಟರ್ ಕಳಿಸಿದ ಅಂಕಿನೋ ನಾವು ತುಂಬಿದ್ದೋ ಅಂತ ನೋಡಿದವ್ರಿಗೆ ಗೊತ್ತಾಗೋದು ಹೇಗೆ? ತುಂಬಿದ್ದನ್ನ ಬೂದು ಬಣ್ಣದಲ್ಲಿ ತೋರಿಸೋಣ್ವಾ?"

"ಬಣ್ಣ ಬಳಿಯೋಕೆ ಇದೇನು ಗೋಡೆನಾ? ಎರಡು ಬಣ್ಣ ನೋಡಿದ್ರೆ ಜನ ನೂರು ಪ್ರಶ್ನೆ ಕೇಳ್ತಾರೆ. ಎಲ್ಲ ಒಂದೇ ಥರ ಇರ್ಲಿ," ಎಂದೆ.

ಎಲ್ಲರೂ ನಕ್ಕರು. ಅವಳೂ ನಕ್ಕು ಬರೆದುಕೊಂಡಳು. ಮನೆಯೇ ಖಾಲಿಯಿದ್ದರೆ ಏನು ಎಂದೂ ಕೇಳಿದಳು. ಖಾಲಿ ಮನೆ ತಡವರಿಸುವುದಿಲ್ಲ, ಒಂದೇ ಸಲಕ್ಕೆ ಸೊನ್ನೆಯಾಗುತ್ತದೆ, ಅದನ್ನು ಮುಟ್ಟುವುದಿಲ್ಲ ಎಂದು ವಿವರಿಸಿದೆ. ಎಲ್ಲಕ್ಕೂ ಉತ್ತರವಿತ್ತು ನನ್ನ ಬಳಿ.

ಸೋಮವಾರ ಹೊಸ ಆವೃತ್ತಿ ಶುರುವಾಯಿತು. ಒಂದು ಕೂದಲೂ ಕೊಂಕಲಿಲ್ಲ. ಗುರುವಾರ ಹತ್ತೂವರೆಗೆ ಸಭಾಂಗಣದಲ್ಲಿ ಸಮಾರಂಭ. ನಿರ್ದೇಶಕರು ನನ್ನನ್ನು ವೇದಿಕೆಗೆ ಕರೆದು ಹೂಗುಚ್ಛ ಕೊಟ್ಟರು. ನನ್ನ ಹಿಂದಿನ ದೊಡ್ಡ ಪರದೆಯಲ್ಲಿ ಎರಡು ಗೆರೆಗಳು, ಹಳೆಯದು ಹಲ್ಲುಹಲ್ಲಾಗಿ ಏರಿಳಿಯುವುದು, ಹೊಸದು ನುಣ್ಣಗೆ ಹರಿಯುವುದು. ಚಪ್ಪಾಳೆ ನಿಲ್ಲಲೇ ಇಲ್ಲ. ಅಮ್ಮ ಇದ್ದಿದ್ದರೆ ಎಂದುಕೊಂಡೆ. ಅಣ್ಣನಿಗೂ ಒಂದು ಫೋನು ಮಾಡಿ ಹೇಳೋಣವೇ ಎಂದೂ ಒಂದು ಗಳಿಗೆ ಅನ್ನಿಸಿತು. ಮಾಡಲಿಲ್ಲ. ಮೆಷಿನ್ ಹತ್ರ ಇದ್ದಾಳೆ ಎಂದು ಸಾಯುವ ಅಮ್ಮನಿಗೆ ಹೇಳಿದವನಲ್ಲವೇ, ಅವನಿಗೇನು ಸಂತೋಷ ಎಂದು ನನ್ನ ಕಹಿಯನ್ನು ನಾನೇ ನೆಕ್ಕಿಕೊಂಡೆ.

ಶುಕ್ರವಾರ ಎಂಟಕ್ಕೆ ನೋಡಿದೆ. ಐದು ನಲವತ್ತು, ಹದಿನೆಂಟು ಲೀಟರು. ಶನಿವಾರ, ಹದಿನೆಂಟು. ಭಾನುವಾರ ಮನೆಯಿಂದಲೇ ನೋಡಿದೆ, ಹದಿನೆಂಟು. ಮರುವಾರವೂ ಶುಕ್ರವಾರದವರೆಗೆ ದಿನಾ ಹದಿನೆಂಟು. ಎಂಟು ದಿನ ನೆಮ್ಮದಿಯಿಂದ ಚಹಾ ಕುಡಿದೆ.

ಆ ಎಂಟನೆಯ ದಿನ, ಶುಕ್ರವಾರ ಮಧ್ಯಾಹ್ನ, ಮೀಟರು ಬದಲಿಸುವ ಮೇಸ್ತ್ರಿಯ ಫೋನು ಬಂತು. ಹೊಸ ವ್ಯವಸ್ಥೆ ತಯಾರಿಸಿದ ಮೊದಲ ಪಟ್ಟಿ ಹಿಡಿದು ಹೊರಟಿದ್ದ ಮನುಷ್ಯ. ಪಟ್ಟಿಯಲ್ಲಿ ಏನಾದರೂ ತಪ್ಪಿದ್ದರೆ ನೇರ ನನಗೇ ಹೇಳಿ ಎಂದು ನಾನೇ ನಂಬರು ಕೊಟ್ಟಿದ್ದೆ.

"ಮೇಡಂ, ಇಲ್ಲೊಂದು ಮೀಟರ್‌ಗೆ ಏನೂ ಆಗಿಲ್ಲ. ಬೀದಿ ಕಡೆಯಿಂದ ಬಿಚ್ಚಿ ನೋಡ್ದೆ, ಸರಿಯಾಗೇ ತಿರುಗ್ತಿದೆ. ಆದ್ರೆ ಮನೆಯವ್ರು ಬಾಗಿಲು ತೆಗೀತಿಲ್ಲ. ವಾಸನೆ ಬೇರೆ ಬರ್ತಿದೆ. ಪೊಲೀಸರಿಗೆ ಹೇಳ್ಲಾ?" ಎಂದು ಸಂಪರ್ಕ ಸಂಖ್ಯೆ ಓದತೊಡಗಿದ.

ಮೊದಲ ನಾಲ್ಕು ಅಂಕಿ ಓದುವಷ್ಟರಲ್ಲಿ ಉಳಿದದ್ದು ನನಗೆ ಗೊತ್ತಿತ್ತು.

"ಇಲ್ಲ, ನೀವು ಬೇರೆ ಮನೆ ಮುಂದೆ ಇದ್ದೀರಿ," ಎಂದೆ. ನನ್ನ ಧ್ವನಿ ಗಟ್ಟಿಯಾಗಿಯೇ ಇತ್ತು. "ಆ ಮನೇಲಿ ಇವತ್ತು ಬೆಳಿಗ್ಗೆ ಐದು ನಲವತ್ತಕ್ಕೆ ನೀರು ಹಿಡಿದಿದ್ದಾರೆ. ಹದಿನೆಂಟು ಲೀಟರ್. ನಾನೇ ನೋಡಿದ್ದೀನಿ."

"ನೀವು ಕಂಪ್ಯೂಟರ್‌ನಲ್ಲಿ ನೋಡಿದ್ದೀರಿ ಮೇಡಂ," ಎಂದ ಅವನು, ಸಮಾಧಾನವಾಗಿ. "ನಾನು ಬಾಗಿಲ ಮುಂದೆ ನಿಂತಿದ್ದೀನಿ. ಪುಸ್ತಕ ಕಟ್ಟೋ ಅಂಗಡಿ ತಾನೆ?"

ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷ. ಅಷ್ಟು ಹೊತ್ತೂ ಅವನು ತಪ್ಪು ಮನೆಯ ಮುಂದೆ ನಿಂತಿದ್ದಾನೆ ಎಂದೇ ವಾದಿಸುತ್ತಿದ್ದೆ, ಒಳಗೊಳಗೇ, ಅಂಕಿಗಳನ್ನು ಒಂದೊಂದಾಗಿ ಮುಂದಿಟ್ಟು.

ಅಣ್ಣ ಬಚ್ಚಲಲ್ಲಿ ಬಿದ್ದಿದ್ದ. ಸೊಂಟದ ಮೂಳೆ ಮುರಿದಿತ್ತು. ನನ್ನನ್ನು ಒಳಗೆ ಬಿಡಲಿಲ್ಲ, ಮೇಸ್ತ್ರಿ ಎರಡೂ ಕೈ ಅಡ್ಡ ಹಿಡಿದು, "ಬೇಡ ಅಕ್ಕಾ, ಬೇಡ," ಎನ್ನುತ್ತಿದ್ದ. ಮುಂದಿನ ಕೋಣೆಯಲ್ಲಿ ಅಂಟು ಪಾತ್ರೆಯ ತಳ ಕಚ್ಚಿ ಒಣಗಿತ್ತು. ಒತ್ತುಯಂತ್ರದಡಿಯಲ್ಲಿ ಯಾವುದೋ ಶಾಲೆಯ ನಿಘಂಟು ರಟ್ಟಿಗಾಗಿ ಕಾಯುತ್ತಿತ್ತು. ಫೋನು ಅಲ್ಲೇ ಗೋಡೆಯ ಪಕ್ಕ ಚಾರ್ಜಿಗೆ ಹಾಕಿದ ಹಾಗೇ ಇತ್ತು. ಪೊಲೀಸರು ಅದನ್ನು ತೆರೆದು, ಇದರಲ್ಲಿ ನಾಲ್ಕೇ ಹೆಸರಿವೆ, ಗುಬ್ಬಿ ಅಂದರೆ ಯಾರು ಎಂದು ಕೇಳಿದರು.

ಗುರುವಾರ ಬೆಳಿಗ್ಗೆ ಬಿದ್ದಿರಬೇಕು, ಒಂದು ದಿನಕ್ಕೂ ಮೀರಿ ಜೀವ ಇದ್ದಿರಬೇಕು ಎಂದರು ವೈದ್ಯರು. ಕೈ ಕೆಳಗಿನ ನಲ್ಲಿಯ ಮೇಲೇ ಇತ್ತಂತೆ. "ಪಾಪ, ನೀರಾದ್ರೂ ಸಿಕ್ಕಿದೆ ಕುಡಿಯೋಕೆ," ಎಂದು ಪೊಲೀಸಿನವರು ನನ್ನನ್ನು ಸಮಾಧಾನಪಡಿಸಿದರು. ನಾನೂ ಅದನ್ನೇ ಹಿಡಿದುಕೊಂಡು ಅಂತ್ಯಕ್ರಿಯೆ ಮುಗಿಸಿದೆ. ನೀರಾದರೂ ಸಿಕ್ಕಿದೆ, ನೀರಾದರೂ ಸಿಕ್ಕಿದೆ.

ಐದನೆಯ ದಿನ ಕಚೇರಿಗೆ ಹೋದೆ. ರಜೆ ಹಾಕಿ ಎಂದರು ಎಲ್ಲರೂ. ಮ್ಯಾನೇಜರರ ಕೋಣೆಗೆ ಹೋಗಿ, ಈ ಸಂಪರ್ಕದ ಮೂಲ ಅಂಕಿಗಳು ಬೇಕು ಎಂದು ಅರ್ಜಿ ಕೊಟ್ಟೆ. ಕಾರಣ ಎಂಬಲ್ಲಿ ಉಳಿದದ್ದನ್ನೂ ಬರೆದಿದ್ದೆ. ನಾಲ್ಕು ವರ್ಷದಿಂದ ಈ ಮನೆಯನ್ನು ನಿಯಮ ಮೀರಿ ನೋಡುತ್ತಿದ್ದೇನೆ, ಇದು ನನ್ನ ಅಣ್ಣನ ಮನೆ, ನಾನು ಬರೆದ ನಿಯಮ ಅವನ ಅಂಕಿಗಳನ್ನು ಅಳಿಸಿ ಸುಳ್ಳು ತುಂಬಿದೆ ಎಂದು.

ಅವರು ಓದಿ ಕನ್ನಡಕ ತೆಗೆದಿಟ್ಟರು. "ಇದನ್ನ ಹೀಗೇ ಕೊಟ್ರೆ ನಿಮ್ಮ ಕೆಲಸಕ್ಕೇ ಕಲ್ಲು ಬೀಳುತ್ತೆ. ಬೇರೆ ಏನಾದ್ರೂ ಬರೀರಿ. ಆಗಿದ್ದು ಆಯ್ತು. ಸೌಲಭ್ಯದ್ದೇನೂ ತಪ್ಪಿಲ್ಲ, ಆ ಪಟ್ಟಿಯಿಂದಲೇ ಅಲ್ವಾ ಅವ್ರು ಸಿಕ್ಕಿದ್ದು?"

"ಸಿಕ್ಕಿದ್ದು ಸರ್, ಅವನಲ್ಲ. ಅವನು ಅಲ್ಲಿರಲಿಲ್ಲ ಆಗ," ಎಂದೆ. ಸಹಿ ಹಾಕಿದರು.

ಪರದೆಯ ಮುಂದೆ ಕೂತಾಗ ಅನುಮಾನ ಬಂದು ಪಕ್ಕದಲ್ಲಿ ನಿಂತಳು. ನಾನಂದು ಹೇಳಿದ್ದೆ ಎಂದು ಅವಳು ಒಂದು ಮಾತು ಆಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಕುರ್ಚಿ ಎಳೆದುಕೊಂಡು ಸುಮ್ಮನೆ ಕೂತಳು. ಎರಡು ಸೆಕೆಂಡಿನಲ್ಲಿ ಅಂಕಿಗಳು ಬಂದವು. ಮೀಟರು ಕಳಿಸಿದ್ದು ಎಡಕ್ಕೆ, ನನ್ನ ನಿಯಮ ತುಂಬಿದ್ದು ಬಲಕ್ಕೆ.

ಗುರುವಾರ. ಐದು ನಲವತ್ತಕ್ಕೆ ಹದಿನೆಂಟು, ಎರಡೂ ಕಡೆ. ಅದು ನಿಜವಾದ ಬಕೆಟ್ಟು, ಕೊನೆಯದು. ಆಮೇಲೆ ಸೊನ್ನೆಗಳು. ಆರು ಇಪ್ಪತ್ತೈದಕ್ಕೆ ಎಡಗಡೆ ಅರ್ಧ ಲೀಟರು. ಆರು ಮೂವತ್ತಕ್ಕೆ ಸೊನ್ನೆ. ಮೂವತ್ತೈದಕ್ಕೆ ಅರ್ಧ. ನಲವತ್ತಕ್ಕೆ ಸೊನ್ನೆ. ನಲವತ್ತೈದಕ್ಕೆ ಅರ್ಧ.

"ಬಾಯಾರಿಕೆ ಇರ್ಬೇಕು ಮೇಡಂ," ಎಂದಳು ಅನುಮಾನ ಮೆಲ್ಲಗೆ.

ಕೆಳಗೆ ಸರಿಸಿದೆ. ಏಳು, ಎಂಟು, ಒಂಬತ್ತು. ಅರ್ಧ, ಸೊನ್ನೆ, ಅರ್ಧ, ಸೊನ್ನೆ. ಒಂದೂ ತಪ್ಪಿಲ್ಲ. ಬಾಯಾರಿದವನು ಹೀಗೆ ಕುಡಿಯುವುದಿಲ್ಲ. ಯಾವ ಮೀಟರೂ ಇಷ್ಟು ಕ್ರಮವಾಗಿ ತಡವರಿಸುವುದಿಲ್ಲ, ಹದಿನಾಲ್ಕು ವರ್ಷದಲ್ಲಿ ನಾನು ನೋಡಿಲ್ಲ. ಎಷ್ಟು ಹೊತ್ತಿಗೊಂದು ಸಲ ತೋರಿಸುತ್ತೆ ನಿನ್ನ ಮೆಷಿನ್ನು ಎಂದು ಕೇಳಿದ್ದವನು ಅವನು. ಹೇಳಿದ್ದವಳು ನಾನು. ನಲ್ಲಿ ಬಿಟ್ಟೇ ಇಟ್ಟರೆ ಎಲ್ಲೋ ಸೋರುತ್ತಿದೆ ಎಂದುಕೊಂಡೇನು ಎಂದು ಯೋಚಿಸಿರಬೇಕು. ಅದಕ್ಕೇ ಒಂದು ಐದು ನಿಮಿಷ ನಲ್ಲಿ ಮುಟ್ಟದೆ, ಮುಂದಿನ ಐದು ನಿಮಿಷದಲ್ಲಿ ತಿರುಗಿಸಿದ್ದಾನೆ. ಬಚ್ಚಲ ನೆಲದ ಮೇಲೆ ಗಡಿಯಾರ ಎಲ್ಲಿಂದ ಬರಬೇಕು? ಮನಸ್ಸಿನಲ್ಲೇ ಎಣಿಸಿದ್ದಾನೆ. ಜೀವಮಾನವೆಲ್ಲ ಹಾಳೆ ಎಣಿಸಿದವನು.

ಅವನು ನನ್ನನ್ನು ಕರೆಯುತ್ತಿದ್ದ.

ಹತ್ತು ಮೂವತ್ತೈದರ ಸಾಲು ಬಂತು. ಅರ್ಧ. ಹೂಗುಚ್ಛ. ಹತ್ತು ನಲವತ್ತು, ಸೊನ್ನೆ. ಹತ್ತು ನಲವತ್ತೈದು, ಅರ್ಧ. ಚಪ್ಪಾಳೆ ನಿಲ್ಲಲೇ ಇಲ್ಲ ಎಂದೆನಲ್ಲ, ಆಗ. ನನ್ನ ಬೆನ್ನ ಹಿಂದೆ ನುಣ್ಣಗೆ ಹರಿಯುತ್ತಿದ್ದ ಗೆರೆಯೊಳಗೆ ಇದೂ ಇತ್ತು. ಮಧ್ಯಾಹ್ನ ಒಂದರ ನಂತರ ಎಣಿಕೆ ತಪ್ಪಿದೆ. ಕಾಲು ಲೀಟರು, ಮೂರು ಸೊನ್ನೆ, ಕಾಲು. ಸಂಜೆ ನಾಲ್ಕು ಸಲ. ರಾತ್ರಿಯಿಡೀ ಏನೂ ಇಲ್ಲ. ಬಲಗಡೆಯಲ್ಲಿ ಮಾತ್ರ ಎಲ್ಲ ಸರಿಯಾಗಿತ್ತು, ಮಧ್ಯಾಹ್ನದ ಪಾತ್ರೆ, ಸಂಜೆಯ ಮುಖ ತೊಳೆಯುವುದು, ಮಲಗುವ ಮೊದಲಿನ ಒಂದು ತಂಬಿಗೆ.

ಅನುಮಾನ ನನ್ನ ಭುಜ ಹಿಡಿದುಕೊಂಡಿದ್ದಳು. "ಸಾಕು ಮೇಡಂ," ಎಂದಳು. ಅವಳೂ ಅಳುತ್ತಿದ್ದಳು. ನಾನು ಕೆಳಗೆ ಸರಿಸುತ್ತಲೇ ಹೋದೆ, ಕೊನೆ ಮುಟ್ಟದೆ ಬಿಡಲು ಇದೇನು ಬೇರೆಯವರ ಮನೆಯೇ.

ಶುಕ್ರವಾರ ಬೆಳಗಿನ ಜಾವ ಎಲ್ಲ ಸೊನ್ನೆ. ಐದಕ್ಕೆ ಸೊನ್ನೆ. ಐದೂವರೆಗೆ ಸೊನ್ನೆ. ಐದು ಮೂವತ್ತೈದಕ್ಕೆ ಸೊನ್ನೆ.

ಐದು ನಲವತ್ತಕ್ಕೆ ಒಂದು ಲೋಟದಷ್ಟು ನೀರು.

ಕಿಟಕಿಯ ಬೆಳಕು ನೋಡಿ ತಿಳಿಯಿತೋ, ಮೈಗೇ ಅಭ್ಯಾಸವಾಗಿತ್ತೋ, ಹೊತ್ತು ತಪ್ಪಿಸಲಿಲ್ಲ. ಒಂದು ಬಕೆಟ್ ಆಗದಿದ್ದರೂ ಒಂದು ಲೋಟ. ಅಷ್ಟೇ ಕಂಡಿದ್ದರೂ ನಾನು ಎದ್ದು ಓಡುತ್ತಿದ್ದೆ, ಅದು ಅವನಿಗೆ ಗೊತ್ತಿತ್ತು. ಎಂಟು ಗಂಟೆಗೆ ನಾನು ನೋಡುತ್ತೇನೆ ಎಂದು ಕಾದಿರುತ್ತಾನೆ. ಒಂಬತ್ತಕ್ಕೂ ಕಾದಿರುತ್ತಾನೆ. ಬಸ್ಸಿಗೆ ಇಪ್ಪತ್ತೈದು ನಿಮಿಷ ಎಂದು ಎಣಿಸಿರುತ್ತಾನೆ.

ಅದೇ ಸಾಲಿನ ಬಲಗಡೆ ನನ್ನ ನಿಯಮ ಹದಿನೆಂಟು ಎಂದು ತುಂಬಿತ್ತು. ಅದನ್ನು ನಾನು ಆ ದಿನವೇ ನೋಡಿದ್ದೆ. ನೋಡಿ, ಫ್ಲಾಸ್ಕಿನ ಮುಚ್ಚಳ ತೆಗೆದು, ಚಹಾ ಬಗ್ಗಿಸಿಕೊಂಡಿದ್ದೆ.